ಕೆಂಪು ಶಾಯಿಯ ಈಸ್

ಆರನೇ ಕ್ಲಾಸಿನ ನಲವತ್ತೊಂದು ಪುಸ್ತಕ ನನ್ನ ತೊಡೆಯ ಮೇಲೆ.
ಕುಂಬಳೆಯಿಂದ ಬದಿಯಡ್ಕದ ಸಂಜೆ ಬಸ್ಸು.
ಎಲ್ಲರದ್ದೂ ಒಂದೇ ತಪ್ಪು:
ಮೈ ಫಾದರ್ ಡ್ರೈವರ್. ಮೈ ಸಿಸ್ಟರ್ ಟೈಲರ್.
ನಡುವೆ ಈಸ್ ಇಲ್ಲ.
ಕೆಂಪು ಪೆನ್ನಿನಲ್ಲಿ ಸಣ್ಣ ಕೊಕ್ಕೆ ಹಾಕಿ
ಈಸ್ ತೂರಿಸುತ್ತಾ ಬಂದೆ,
ನಿಲ್ಲಲೂ ಜಾಗವಿಲ್ಲದಲ್ಲಿ ಕಂಡಕ್ಟರು
ಸೀತಾಂಗೋಳಿಯವರನ್ನು ತೂರಿಸಿದ ಹಾಗೆ.

ಮಕ್ಕಳದ್ದೇನು ತಪ್ಪು?
ಅಪ್ಪ ಡ್ರೈವರ್ ಅಂದರೆ ನಮ್ಮಲ್ಲಿ ಮಾತು ಮುಗಿಯಿತು.
ಅಪ್ಪನಿಗೂ ಡ್ರೈವರಿಗೂ ಗಂಟು ಹಾಕಲು
ಹಗ್ಗ ಬೇಕೆಂದು ಯಾರಿಗೂ ಅನ್ನಿಸಿದ್ದಿಲ್ಲ.
ಹಿಂದಿನ ಬೆಂಚಿನ ಅನ್ಸಾಫ್ ಕೇಳಿದ್ದ ಮೊದಲ ದಿನವೇ,
'ಈಸ್ ಅಂದರೆ ಈಸುವುದಾ ಟೀಚರೇ?'
ಕ್ಲಾಸಿಡೀ ನಗು. ನಾನೂ ನಕ್ಕೆ.
ಕಿಟಕಿ ಬದಿಯಲ್ಲಿ ಒಬ್ಬಳು ನಗಲಿಲ್ಲ;
ಆಗ ನೋಡಿದೆ, ಆಮೇಲೆ ಮರೆತೆ.

ಇರುವುದಕ್ಕೆ ನಮ್ಮಲ್ಲೇನು ಬರ ಉಂಟೆ!
ಅನ್ಸಾಫನ ಮನೆಯಲ್ಲಿ ಉಂಡ್,
ಕಾಮತರ ಹುಡುಗನಿಗೆ ಆಸಾ,
ತುಳುವಿನಲ್ಲಿ ಉಂಡು, ಕೇಳಿದ ಮೈಸೂರಿನ ಅತಿಥಿ
'ಊಟ ಆಯಿತಾ, ಸಂತೋಷ' ಅಂದಿದ್ದರು.
ನಮ್ಮ ಮನೆಯ ಹವ್ಯಕಕ್ಕೆ ಇದ್ದು.
ಪುಸ್ತಕದ ಕನ್ನಡ ಇದ್ದು ಅಂದರೆ
ಮುಂದೆ ಹೋದ ಅನ್ನುತ್ತದೆ, ಎದ್ದ ಅನ್ನುತ್ತದೆ, ಏನಾದರೂ ಅನ್ನುತ್ತದೆ;
ನಾವು ಇದ್ದು ಅಂದರೆ ಇದೆ, ಹಂಡೆಯಲ್ಲಿ ಬಿಸಿನೀರು,
ಹೋಗಿ ಮೀಯಬಹುದು.
ಹಾಜರಿ ಕರೆದರೆ ಸ್ವಸ್ತಿಕಾ
ಪ್ರೆಸೆಂಟ್ ಅನ್ನಲು ಮರೆತು
ಉಳ್ಳೆ ಅನ್ನುತ್ತಾಳೆ, ಮೆಲ್ಲಗೆ.
ಅವಳ ಹೆಸರಿನೊಳಗೇ ಒಂದು ಅಸ್ತಿ ಉಂಟು,
ಸು ಎಂಬುದರ ಬೆನ್ನಿಗೆ ಅಂಟಿಕೊಂಡು.
ಅವಳಿಗೆ ಅದನ್ನು ಯಾರೂ ಹೇಳಿಲ್ಲ.

ರಾತ್ರಿ ದಪ್ಪ ನಿಘಂಟು ತೆರೆದೆ.
ಇಂಗ್ಲಿಷಿನವರ ಇರುವಿಕೆ ಒಂದು ಮನೆಯಲ್ಲ,
ಮೂರು ಮುರಿದ ಮನೆಗಳ ಹೆಂಚು ಹೊಂದಿಸಿದ ಮಾಡು.
ಈಸ್, ನಮ್ಮ ಅಸ್ತಿಯ ದೂರದ ದಾಯಾದಿ.
ಬೀ, ಭೂ ಧಾತುವಿನ ಕಡೆಯದ್ದು: ಮೊಳೆಯುವುದು, ಆಗುವುದು.
ವಾಸ್...
ಓದಿ ಕನ್ನಡಕ ತೆಗೆದು ಒರೆಸಿಕೊಂಡೆ.
ವಾಸ್ ಎಂಬುದು ವಾಸವೇ.
ತಂಗುವುದು. ಎಲ್ಲೋ ಒಂದು ರಾತ್ರಿ ಕಳೆಯುವುದು.
ಹದಿನಾರು ವರ್ಷ ಅದನ್ನು
ಮುಗಿದ ಕಾಲ ಎಂದು ಬೋರ್ಡಿನಲ್ಲಿ ಬರೆದಿದ್ದೇನೆ ನಾನು,
ಅಡಿಗೆರೆ ಹಾಕಿ.

ಮರುದಿನ ಒಂದೇ ಪುಸ್ತಕ ವಾಪಸು ಬಂತು.
ಸ್ವಸ್ತಿಕಾ, ಕೋಯಿಪಾಡಿ ಕಡಪ್ಪುರದ ಹುಡುಗಿ.
ಮೈ ಫಾದರ್ ಫಿಶರ್‌ಮ್ಯಾನ್ ಎಂದು ನೀಲಿಯಲ್ಲಿ,
ನಡುವೆ ಕೆಂಪಗೆ ನನ್ನದು.
'ಟೀಚರೇ, ಇಲ್ಲಿ ವಾಸ್ ಅಲ್ಲವಾ?'

ಜೂನಿನಲ್ಲೇ ಹೆಡ್‌ಮಾಸ್ಟರು ಹೇಳಿದ್ದರು,
ದೋಣಿ ಮಗುಚಿದ ಮನೆಯ ಮಗು, ನೋಡಿಕೊಳ್ಳಿ.
ಹೂಂ ಅಂದಿದ್ದೆ.

ಅವಳು ಆ ಜಾಗ ಬೇಕೆಂದೇ ಬಿಟ್ಟಿದ್ದಳೋ
ಎಲ್ಲರ ಹಾಗೆ ಮರೆತೇ ಬಿಟ್ಟಿದ್ದಳೋ, ಕೇಳಲಿಲ್ಲ.
ಕನ್ನಡದಲ್ಲಾದರೆ ಅವಳನ್ನು ಯಾವ ಕೊಕ್ಕೆಯೂ ಹಿಡಿಯುತ್ತಿರಲಿಲ್ಲ.
ನನ್ನ ಅಪ್ಪ ಮೀನುಗಾರ.
ಇದ್ದಾನೋ ಇದ್ದನೋ ಎಂದು
ವಾಕ್ಯ ಕಿಸೆ ತಡವುವುದಿಲ್ಲ.
ಅಪ್ಪನಿಗೂ ಮೀನುಗಾರನಿಗೂ ನಡುವಿನ ಆ ಖಾಲಿಯಲ್ಲಿ
ಒಂದು ದೋಣಿ ಹಿಡಿಸುತ್ತದೆ,
ಬೇಕಾದರೆ ಬಲೆಯೂ.

'ವಾಸ್ ಸರಿ ಮಗಾ' ಅಂದೆ, 'ವ್ಯಾಕರಣದ ಪ್ರಕಾರ ಸರಿ.'
ಅದರ ಹೊಟ್ಟೆಯೊಳಗೆ ವಾಸ ಉಂಟೆಂದು ಹೇಳಹೊರಟೆ,
ಬಾಯಿ ತೆರೆದಾಗ ಗಂಜಿಯ ಬೆಲ್ಲಾಯಿತು,
ತಟ್ಟೆಗಳ ಸದ್ದಿನಲ್ಲಿ ಧಾತು ಗೀತು ಯಾರಿಗೆ ಕೇಳುತ್ತದೆ.

ವೈಟ್ನರಿನಲ್ಲಿ ನನ್ನ ಈಸನ್ನು ಮುಚ್ಚಿದೆ.
ಮೇಲೆ ಏನೂ ಬರೆಯಲಿಲ್ಲ.
ಹತ್ತಕ್ಕೆ ಹತ್ತು ಹಾಕಿದೆ, ಯಾಕೆಂದು ಅವಳು ಕೇಳಲಿಲ್ಲ.
ಪುಸ್ತಕ ಮಡಚದೆ ಅಂಗೈಯಲ್ಲಿ ಹಾಸಿ ಹಿಡಿದು
ಬಾಗಿಲವರೆಗೂ
ಆ ಬಿಳಿಯ ಮೇಲೆ ಊದುತ್ತಾ ಹೋದಳು.